ಆರೋಗ್ಯ ವಿಮೆ: ಯಾರಿಗೆ ಯಾವುದು ಸರಿ?

(ಹರಪನಹಳ್ಳಿಯಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕಾಗಿರುವುದು ಆರೋಗ್ಯ ವಿಮೆಯ ವಿಚಾರ. ಇದು ಪಟ್ಟಣದ ದೊಡ್ಡ ಸಂಬಳದವರ ಮಾತು, ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ದೊಡ್ಡ ಸಂಬಳದವನು ಕಾಯಿಲೆ ಬಿದ್ದರೆ ಅವನ ಉಳಿತಾಯ ಕರಗುತ್ತದೆ. ನಮ್ಮವನು ಕಾಯಿಲೆ ಬಿದ್ದರೆ ಹೆಂಡತಿಯ ತಾಳಿ ಒತ್ತೆಗೆ ಹೋಗುತ್ತದೆ, ಮಗನ ಓದು ನಿಲ್ಲುತ್ತದೆ, ಎರಡೆಕರೆ ಹೊಲವಿದ್ದರೆ ಅದೂ ಬಡ್ಡಿಗೆ ಸೇರುತ್ತದೆ. ಆದುದರಿಂದ ಈ ವಿಚಾರ ಅವರಿಗಿಂತ ನಮಗೇ ಹೆಚ್ಚು ಬೇಕಾದದ್ದು.

ದುಡಿದು ಉಣ್ಣುವವನಿಗೆ ಕಾಯಿಲೆ ಎರಡು ಕಡೆಯಿಂದ ಹೊಡೆಯುತ್ತದೆ. ಆಸ್ಪತ್ರೆಯ ಬಿಲ್ಲು ಒಂದು ಕಡೆ, ನಿಂತುಹೋದ ಗಳಿಕೆ ಇನ್ನೊಂದು ಕಡೆ. ಗಿರಣಿಯವನಿಗೆ ಹಾಜರಿ ಹೋಗುತ್ತದೆ. ಅಂಗಡಿಯವನು ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಒಂದು ತಿಂಗಳ ಮೇಲೆ ಬಾಗಿಲು ತೆರೆದರೂ ಅವನೆಲ್ಲ ತಿರುಗಿ ಬರುವನೆಂಬ ಭರವಸೆಯಿಲ್ಲ. ಈ ಎರಡು ಪೆಟ್ಟುಗಳನ್ನೂ ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಯಾವ ವಿಮೆ ಯಾವ ಪೆಟ್ಟನ್ನು ತಡೆಯುತ್ತದೆ ಎಂಬುದರ ಮೇಲೆಯೇ ಆಯ್ಕೆ ನಿಂತಿದೆ.

ಮೊದಲು ವಿಮೆ ಎಂದರೇನು ಎಂದು ನೋಡೋಣ. ಅದು ವಂತಿಗೆ. ಸಾವಿರ ಜನ ಸೇರಿ ಸ್ವಲ್ಪ ಸ್ವಲ್ಪ ಹಾಕಿದ ಹಣದಲ್ಲಿ ಆ ವರ್ಷ ಕಾಯಿಲೆ ಬಿದ್ದ ಹತ್ತಾರು ಜನರ ಬಿಲ್ಲು ಕಟ್ಟುವ ಏರ್ಪಾಡು. ಇದು ಚೀಟಿಯ ಹಾಗೆ ಕಡೆಗೆ ತಿರುಗಿ ಕೈಗೆ ಬರುವ ಹಣವಲ್ಲ. "ಐದು ವರ್ಷ ಕಟ್ಟಿದೆ, ಏನೂ ಬರಲಿಲ್ಲ" ಎನ್ನುವವನು ಐದು ವರ್ಷ ಆಸ್ಪತ್ರೆಯ ಹಾಸಿಗೆ ಕಾಣಲಿಲ್ಲ ಎಂದು ಸಂತೋಷಪಡಬೇಕು. ಅವನ ಹಣ ಬೇರೆ ಒಬ್ಬನ ಜೀವಕ್ಕೆ ಒದಗಿದೆ. ನಾಳೆ ಬೇರೆಯವರ ಹಣ ಇವನಿಗೆ ಒದಗುತ್ತದೆ.

ಈ ಏರ್ಪಾಡನ್ನು ಮೊದಲು ಮಾಡಿಕೊಂಡವರು ದುಡಿಯುವವರೇ. ಯೂರೋಪಿನ ಅನೇಕ ಕಡೆಗಳಲ್ಲಿ ಕಸುಬಿನವರು ತಮ್ಮ ತಮ್ಮಲ್ಲೇ ಕಾಯಿಲೆ ನಿಧಿಗಳನ್ನು ಕಟ್ಟಿಕೊಂಡಿದ್ದರು. ಜರ್ಮನಿಯಲ್ಲಿ ೧೮೮೩ರಲ್ಲಿ ಬಿಸ್ಮಾರ್ಕ್ ಕಾರ್ಮಿಕರ ಕಾಯಿಲೆ ವಿಮೆಯನ್ನು ಕಾನೂನು ಮಾಡಿದ. ಸಮಾಜವಾದಿಗಳ ಸಂಘಗಳನ್ನು ಐದು ವರ್ಷ ಹಿಂದೆ ನಿಷೇಧಿಸಿದವನೂ ಅವನೇ. ಕಾರ್ಮಿಕರು ಆ ಕಡೆ ವಾಲಬಾರದೆಂದು ಕೊಟ್ಟದ್ದಾದರೂ ಕೊಡಲೇಬೇಕಾಯಿತು. ವೇಲ್ಸ್ ನಾಡಿನ ಟ್ರೆಡೆಗರ್ ಎಂಬ ಊರಿನಲ್ಲಿ ಕಲ್ಲಿದ್ದಲು ಗಣಿಯವರೂ ಕಬ್ಬಿಣದ ಕಾರ್ಖಾನೆಯವರೂ ಕೂಲಿಯಲ್ಲಿ ಚೂರುಪಾರು ಹಾಕಿ ತಮ್ಮದೇ ವೈದ್ಯ ಸಂಘವನ್ನು ನಡೆಸಿದರು. ಅದೇ ಊರಿನ ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್ ಬ್ರಿಟನ್ನಿನ ಆರೋಗ್ಯ ಮಂತ್ರಿಯಾಗಿ ೧೯೪೮ರ ಜುಲೈ ೫ರಂದು ಇಡೀ ದೇಶಕ್ಕೆ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆದರು.

ಅದೇ ೧೯೪೮ರಲ್ಲಿ ನಮ್ಮ ದೇಶದಲ್ಲಿಯೂ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತು. ಪ್ರೊಫೆಸರ್ ಅಡರ್ಕರ್ ೧೯೪೪ರಲ್ಲಿ ಕೊಟ್ಟ ವರದಿ ಅದಕ್ಕೆ ತಳಹದಿ. ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಯೋಜನೆ ಕೆಲಸಕ್ಕೆ ಇಳಿಯಿತು. ಆಗ ನಮ್ಮ ಹರಪನಹಳ್ಳಿ ಇನ್ನೂ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು ೧೯೫೩ರ ಅಕ್ಟೋಬರ್ ೧ರಂದು. ಇಷ್ಟು ಹಳೆಯ ಹಕ್ಕು ಇದು. ಆದರೂ ಅದರಲ್ಲಿ ತನ್ನ ಹೆಸರು ಇದೆಯೇ ಇಲ್ಲವೇ ಎಂದು ಕೇಳಿ ತಿಳಿಯದ ಕಾರ್ಮಿಕರು ಇಂದಿಗೂ ನಮ್ಮಲ್ಲಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥದಕ್ಕೇ ಹುಟ್ಟಿದ್ದು.

ಆದುದರಿಂದ ನನ್ನ ಮೊದಲ ಮಾತು: ಹೊಸ ಪಾಲಿಸಿ ಕೊಳ್ಳುವ ಮೊದಲು, ಈಗಾಗಲೇ ನಿಮ್ಮದಾಗಿರುವುದು ಏನು ಎಂದು ಲೆಕ್ಕ ಹಾಕಿರಿ. ಅಂಥವು ಮೂರು ಇವೆ.

ಒಂದನೆಯದು ಇ.ಎಸ್.ಐ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಗಿರಣಿ, ಕಾರ್ಖಾನೆ, ಅಂಗಡಿಗಳಿಗೆ ಇದು ಅನ್ವಯಿಸುತ್ತದೆ. ತಿಂಗಳ ಸಂಬಳ ೨೧,೦೦೦ ರೂಪಾಯಿಯವರೆಗೆ ಇರುವವರು ಇದರೊಳಗೆ ಬರುತ್ತಾರೆ. ಈ ಮಿತಿ ೨೦೧೭ರ ಜನವರಿಯಲ್ಲಿ ಗೊತ್ತಾದದ್ದು. ೨೦೧೯ರ ಜುಲೈಯಿಂದ ಕಾರ್ಮಿಕನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ನೂರಕ್ಕೆ ಮೂರೂಕಾಲು ರೂಪಾಯಿ. ತಿಂಗಳಿಗೆ ೧೨,೦೦೦ ಸಂಬಳವಿದ್ದರೆ ನಿಮ್ಮ ಕೈಯಿಂದ ಹೋಗುವುದು ೯೦ ರೂಪಾಯಿ, ಮಾಲೀಕ ಹಾಕಬೇಕಾದದ್ದು ೩೯೦ ರೂಪಾಯಿ. ಆ ೩೯೦ನ್ನು ಅವನು ನಿಮ್ಮ ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ.

ಈ ೯೦ ರೂಪಾಯಿಗೆ ಬರುವುದೇನು? ನಿಮಗೆ, ನಿಮ್ಮ ಹೆಂಡತಿ ಮಕ್ಕಳಿಗೆ, ನಿಮ್ಮನ್ನೇ ನಂಬಿರುವ ತಂದೆತಾಯಿಗಳಿಗೆ ವೈದ್ಯ, ಔಷಧಿ, ಆಸ್ಪತ್ರೆ. ಖರ್ಚಿಗೆ ಇಷ್ಟೇ ಎಂಬ ಮೇಲ್ಮಿತಿಯಿಲ್ಲ. ದೊಡ್ಡ ತಜ್ಞ ಚಿಕಿತ್ಸೆಗಳಿಗೆ ಮಾತ್ರ ಇಷ್ಟು ಕಾಲ ವಂತಿಗೆ ಕಟ್ಟಿರಬೇಕೆಂಬ ನಿಯಮ ಉಂಟು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ವೈದ್ಯರ ಪ್ರಮಾಣಪತ್ರವಿದ್ದು ಕೆಲಸಕ್ಕೆ ಹೋಗಲಾರದೆ ಮಲಗಿದರೆ ಸಂಬಳದ ನೂರಕ್ಕೆ ೭೦ ಪಾಲು ವರ್ಷದಲ್ಲಿ ೯೧ ದಿನಗಳವರೆಗೆ ಬರುತ್ತದೆ. ದಿನಕ್ಕೆ ಸರಾಸರಿ ೪೦೦ ರೂಪಾಯಿ ದುಡಿಯುವವನಿಗೆ ದಿನಕ್ಕೆ ೨೮೦ರಂತೆ ೯೧ ದಿನಕ್ಕೆ ೨೫,೪೮೦ ರೂಪಾಯಿ ಆಯಿತು. ಕ್ಷಯ, ಕ್ಯಾನ್ಸರಿನಂಥ ಗೊತ್ತುಮಾಡಿದ ದೀರ್ಘ ಕಾಯಿಲೆಗಳಿಗೆ ನೂರಕ್ಕೆ ೮೦ರಂತೆ ಇನ್ನೂ ಮುಂದುವರಿಯುತ್ತದೆ. ಹೆರಿಗೆಗೆ ೨೬ ವಾರ ಪೂರ್ಣ ಸಂಬಳ. ಗಿರಣಿಯಲ್ಲಿ ಕೈಗೋ ಕಾಲಿಗೋ ಪೆಟ್ಟಾದರೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ನೂರಕ್ಕೆ ೯೦. ಆರಂಭದಲ್ಲಿ ಎರಡು ಪೆಟ್ಟು ಎಂದೆನಲ್ಲ, ಆ ಎರಡನ್ನೂ ತಡೆಯುವ ವಿಮೆ ನಮ್ಮ ಜನರಿಗೆ ಇದೊಂದೇ. ಮಾರುಕಟ್ಟೆಯಲ್ಲಿ ಕೊಳ್ಳುವ ಸಾಮಾನ್ಯ ಆರೋಗ್ಯ ಪಾಲಿಸಿ ಆಸ್ಪತ್ರೆಗೆ ಕೊಡುತ್ತದೆಯೇ ಹೊರತು ಒಲೆಯ ಮೇಲಿನ ಗಡಿಗೆಗೆ ಏನನ್ನೂ ಹಾಕುವುದಿಲ್ಲ.

ಆದರೆ ಇದಕ್ಕೆ ಷರತ್ತು ಉಂಟು. ಕಾಯಿಲೆಯ ಸಂಬಳ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ ೭೮ ದಿನದ ವಂತಿಗೆ ಜಮೆಯಾಗಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ ಒದಗುತ್ತದೆ. ಅಕ್ಟೋಬರಿನಿಂದ ಮಾರ್ಚಿನವರೆಗಿನದು ಜುಲೈಯಿಂದ ಡಿಸೆಂಬರಿಗೆ. ಕೆಲಸ ಎಡೆಬಿಡದೆ ಸಿಗದವನಿಗೆ ಈ ೭೮ ದಿನದ ಲೆಕ್ಕವೇ ಪ್ರಾಣ. ಹಾಜರಿ ಪುಸ್ತಕದಲ್ಲಿ ನಿಮ್ಮ ದಿನ ಬಿಟ್ಟುಹೋದರೆ ಹೋದದ್ದು ಒಂದು ದಿನದ ಕೂಲಿ ಮಾತ್ರವಲ್ಲ.

ಹನ್ನೆರಡು ಜನ ದುಡಿಯುವ ಕಡೆ ಪುಸ್ತಕದಲ್ಲಿ ಎಂಟು ಹೆಸರು ಬರೆಯುವ ಮಾಲೀಕರಿದ್ದಾರೆ. ಉಳಿದ ನಾಲ್ವರು ಹಮಾಲರೆಂದೋ ಗುತ್ತಿಗೆಯವರೆಂದೋ ಹೇಳುತ್ತಾರೆ. ಗುತ್ತಿಗೆದಾರನ ಮೂಲಕ ಬಂದವನಿಗೂ ಈ ಕಾನೂನು ಸಲ್ಲುತ್ತದೆ. ಆದುದರಿಂದ ಪ್ರತಿಯೊಬ್ಬನೂ ತನ್ನ ವಿಮಾ ಸಂಖ್ಯೆಯನ್ನು ಕೇಳಿ ಪಡೆಯಬೇಕು, ಸಂಬಳದ ಚೀಟಿಯಲ್ಲಿ ಮುರಿದುಕೊಂಡ ಹಣ ನಿಗಮಕ್ಕೆ ಸೇರಿದೆಯೇ ಎಂದು ನೋಡಬೇಕು, ಕುಟುಂಬದವರ ಹೆಸರುಗಳನ್ನೂ ಔಷಧಾಲಯದ ಹೆಸರನ್ನೂ ಬರೆಸಬೇಕು. ೨೦೨೫ರ ನವೆಂಬರ್ ೨೧ರಿಂದ ೧೯೪೮ರ ಕಾಯಿದೆಯು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರ ಪ್ರಕಾರ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯೂ ಮಾಲೀಕನೂ ನೌಕರರಲ್ಲಿ ಹೆಚ್ಚಿನವರೂ ಒಪ್ಪಿದರೆ ಸೇರಲು ಅವಕಾಶವಿದೆ. ನಾಲ್ಕೈದು ಜನ ಹುಡುಗರನ್ನಿಟ್ಟುಕೊಂಡಿರುವ ವರ್ತಕ ಬಂಧುಗಳು ಈ ಮಾತನ್ನು ಗಮನಿಸಬೇಕು.

ಇ.ಎಸ್.ಐ. ಆಸ್ಪತ್ರೆ ನಮಗೆ ಹತ್ತಿರವೆಂದರೆ ದಾವಣಗೆರೆಯಲ್ಲಿದೆ. ಅಲ್ಲಿಗೆ ಹೋಗಿಬರುವ ಒಂದು ದಿನದ ಕೂಲಿಗೆ ಹೆದರಿ ಇಲ್ಲಿಯೇ ಖಾಸಗಿಯಲ್ಲಿ ಸಾವಿರಾರು ಸುರಿಯುವವರನ್ನು ನೋಡಿದ್ದೇನೆ. ಸಣ್ಣ ಜ್ವರಕ್ಕೆ ಅದು ಸರಿಯಿರಬಹುದು, ದೊಡ್ಡ ಕಾಯಿಲೆಗೆ ಸರಿಯಲ್ಲ. ಐದು ವರ್ಷಕ್ಕೆ ಕಡಮೆಯಿಲ್ಲದೆ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ ೧೨೦ ರೂಪಾಯಿ ಕಟ್ಟಿ ತಮಗೂ ಹೆಂಡತಿಗೂ ಚಿಕಿತ್ಸೆಯನ್ನು ಮುಂದುವರಿಸಿಕೊಳ್ಳಬಹುದು. ಇದನ್ನು ಬಲ್ಲವರು ಬಹಳ ಕಡಮೆ.

ಎರಡನೆಯದು ಪಡಿತರ ಚೀಟಿಯ ಮೇಲೆ ಬರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ.

ಗಿರಣಿ ಮುಚ್ಚಿದರೆ ಸಂಬಳ ನಿಲ್ಲುತ್ತದೆ, ಕೆಲಕಾಲದ ಮೇಲೆ ಇ.ಎಸ್.ಐ. ಕೂಡ ಹೋಗುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಇ.ಎಸ್.ಐ. ಇದ್ದವರೂ ಈ ಯೋಜನೆಯನ್ನು ತಿಳಿದಿರಬೇಕು. ರಾಜ್ಯ ಸರ್ಕಾರ ೨೦೧೮ರ ಮಾರ್ಚಿನಲ್ಲಿ ಆರಂಭಿಸಿದ ಆರೋಗ್ಯ ಕರ್ನಾಟಕವನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಯೋಜನೆಯೊಡನೆ ಸೇರಿಸಲಾಯಿತು. ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ. ಕಟ್ಟುವ ಕಂತು ಇಲ್ಲ. ಮನೆಯಲ್ಲಿ ಎಷ್ಟು ಜನರಿದ್ದರೂ ಸರಿ. ಹಳೆಯ ಕಾಯಿಲೆಯೆಂದು ತಳ್ಳುವುದಿಲ್ಲ.

ಎ.ಪಿ.ಎಲ್. ಚೀಟಿಯವರಿಗೆ ಲೆಕ್ಕ ಬೇರೆ. ಸರ್ಕಾರ ಗೊತ್ತುಮಾಡಿದ ಚಿಕಿತ್ಸಾ ದರದಲ್ಲಿ ನೂರಕ್ಕೆ ೩೦ ಪಾಲು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ೬೦,೦೦೦ ರೂಪಾಯಿ ದರದ ಚಿಕಿತ್ಸೆಯಾದರೆ ಸರ್ಕಾರದ್ದು ೧೮,೦೦೦, ನಿಮ್ಮದು ೪೨,೦೦೦. "ನನಗೂ ಆ ಕಾರ್ಡು ಇದೆ, ಇನ್ನೇನು ಭಯ" ಎಂದು ಕುಳಿತಿರುವ ಅಂಗಡಿಯ ಸ್ನೇಹಿತರು ಇಂದೇ ಮನೆಗೆ ಹೋಗಿ ತಮ್ಮ ಚೀಟಿ ಯಾವುದೆಂದು ನೋಡಬೇಕು.

ಈ ಯೋಜನೆಯ ದಾರಿ ಸರ್ಕಾರಿ ಆಸ್ಪತ್ರೆಯ ಬಾಗಿಲಿನಿಂದ ಹೋಗುತ್ತದೆ. ಮೊದಲು ಅಲ್ಲಿ ತೋರಿಸಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲವಾದರೆ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಆಗ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಎಂದು ಗೊತ್ತುಮಾಡಿದ ಚಿಕಿತ್ಸೆಗಳಿಗೆ ಮಾತ್ರ ನೇರವಾಗಿ ಹೋಗಲು ಅವಕಾಶವಿದೆ. ನಮ್ಮವರು ಮಾಡುವುದು ಇದಕ್ಕೆ ತಲೆಕೆಳಗು: ಬಾಡಿಗೆ ಕಾರು ಮಾಡಿಕೊಂಡು ನೇರ ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ಸೇರಿಸಿ, ಮುಂಗಡ ಕಟ್ಟಿ, ಮೂರನೆಯ ದಿನ ಕಾರ್ಡು ಹುಡುಕುತ್ತಾರೆ. ಆಗ ದಾರಿ ಮುಚ್ಚಿರುತ್ತದೆ.

ನಮ್ಮ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ೨೦೧೮ರಲ್ಲಿ ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಚೇರಿ ಹೊಸಪೇಟೆಯಲ್ಲಿದ್ದರೂ ಕಾಯಿಲೆಯವರು ಹತ್ತುವ ಬಸ್ಸು ದಾವಣಗೆರೆಯದೇ. ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಇರುವ ಹೆಸರೂ ನಮ್ಮ ತಾಲ್ಲೂಕಿನ ಚಿಗಟೇರಿಯದೇ. ಜಿಲ್ಲೆ ಬೇರೆಯಾದ ಮಾತ್ರಕ್ಕೆ ಯೋಜನೆ ಸಲ್ಲದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ರಾಜ್ಯಕ್ಕೆಲ್ಲ ಒಂದೇ. ಕಾರ್ಡನ್ನು ಈಗಲೇ ಮಾಡಿಸಿಡಿ, ಅದರ ಜೊತೆಗೆ ಮನೆಯವರೆಲ್ಲರ ಆಧಾರ್ ಮತ್ತು ಪಡಿತರ ಚೀಟಿಯ ನಕಲುಗಳನ್ನು ಒಂದೇ ಕಡೆ ಕಟ್ಟಿಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಮೂರನೆಯದು ಸಹಕಾರಿಗಳ ಯಶಸ್ವಿನಿ.

ರೈತರ ಸಹಕಾರ ಸಂಘಗಳಿಗಾಗಿ ೨೦೦೩ರಲ್ಲಿ ಕೆಲಸ ಆರಂಭಿಸಿದ ಈ ಯೋಜನೆ ೨೦೧೮ರಲ್ಲಿ ನಿಂತು, ೨೦೨೨–೨೩ರಲ್ಲಿ ಮತ್ತೆ ಬಂತು. ಮತ್ತೆ ಆರಂಭವಾದಾಗ ಗ್ರಾಮೀಣ ಸಂಘಗಳ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ೫೦೦ ರೂಪಾಯಿ, ಪಟ್ಟಣದ ಸಂಘಗಳವರಿಗೆ ೧,೦೦೦ ರೂಪಾಯಿ ಎಂದು ಗೊತ್ತುಮಾಡಿದರು; ಚಿಕಿತ್ಸೆಯ ಮಿತಿ ಐದು ಲಕ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ ಇದು ನಡೆಯುತ್ತದೆ. ನೋಂದಣಿಗೆ ಗೊತ್ತಾದ ಕಾಲವಿದೆ. ಅದು ತಪ್ಪಿದರೆ ಮುಂದಿನ ವರ್ಷವೇ. ಪತ್ತಿನ ಸಹಕಾರ ಸಂಘದಲ್ಲೋ ಹಾಲಿನ ಸಂಘದಲ್ಲೋ ಷೇರು ಇರುವ ಎ.ಪಿ.ಎಲ್. ಚೀಟಿಯ ವರ್ತಕನಿಗೆ ಇಷ್ಟು ಕಡಮೆ ಹಣಕ್ಕೆ ಇದಕ್ಕಿಂತ ಮೇಲಾದದ್ದು ಕಾಣೆ. ಸಂಘದ ಕಾರ್ಯದರ್ಶಿಯನ್ನು ಕೇಳಿ. ನಿಮಗೆ ಸಲ್ಲುವ ನಿಯಮಗಳೇನು, ಈ ವರ್ಷದ ದರವೇನು, ಕಡೆಯ ತಾರೀಖು ಯಾವುದು ಎಂದು ಬರೆದುಕೊಳ್ಳಿ.

ಈ ಮೂರೂ ಸಾಲದವರು ಅಥವಾ ಈ ಮೂರರಲ್ಲಿ ಯಾವುದೂ ಸಿಗದವರು ಕಂಪನಿಯ ಪಾಲಿಸಿಯನ್ನು ಕೊಳ್ಳಬೇಕಾಗುತ್ತದೆ. ಇಲ್ಲಿ ಬಹಳ ಎಚ್ಚರ ಬೇಕು. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ಸುಳಿ ನೋಡುತ್ತೇವೆ. ಪಾಲಿಸಿ ಕೊಳ್ಳುವಾಗ ಬೆಲೆ ಒಂದನ್ನೇ ಕೇಳಿ ರುಜು ಹಾಕುತ್ತೇವೆ. ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಹೇಳುತ್ತೇನೆ.

೧. ಯಾವಾಗಿನಿಂದ ಸಿಗುತ್ತದೆ? ಹಣ ಕಟ್ಟಿದ ಮೊದಲ ೩೦ ದಿನ, ಅಪಘಾತವನ್ನು ಬಿಟ್ಟು, ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆ, ಮೂತ್ರದ ಕಲ್ಲು, ಮಂಡಿಯ ಆಪರೇಷನ್ನು ಮೊದಲಾದವುಗಳಿಗೆ ಎರಡು ಮೂರು ವರ್ಷ ಕಾಯಬೇಕಾಗುತ್ತದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಕಾಯಿಸುವ ಅವಧಿ ಮೂರು ವರ್ಷ ಮೀರಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ೨೦೨೪ರಲ್ಲಿ ವಿಧಿಸಿತು. ಹಿಂದೆ ಅದು ನಾಲ್ಕು ವರ್ಷವಿತ್ತು. ಆದುದರಿಂದ ಗಟ್ಟಿಯಾಗಿರುವಾಗ ಕೊಂಡವನಿಗೆ ಮಾತ್ರ ವಿಮೆ ಕಾಯಿಲೆಯಲ್ಲಿ ಒದಗುತ್ತದೆ. ಒಂದು ವರ್ಷ ಕಟ್ಟಿ ಒಂದು ವರ್ಷ ಬಿಟ್ಟರೆ ಕಾದದ್ದೆಲ್ಲ ನೀರಿನಲ್ಲಿ ಹೋಮ.

೨. ಯಾವ ಆಸ್ಪತ್ರೆ? ಕಂಪನಿಯವರು ದೇಶದಲ್ಲಿ ಸಾವಿರಾರು ಆಸ್ಪತ್ರೆ ಎನ್ನುತ್ತಾರೆ. ನಮಗೆ ಬೇಕಾದದ್ದು ನಾಲ್ಕಾರು. ಹರಪನಹಳ್ಳಿಯಲ್ಲಿ ಯಾವುದು, ದಾವಣಗೆರೆಯಲ್ಲಿ ಯಾವುವು, ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಗಳಲ್ಲಿ ಯಾವುವು ಎಂದು ಪಟ್ಟಿ ಕೇಳಿ. ಬೆಂಗಳೂರಿನ ಹೆಸರುಗಳನ್ನು ತೋರಿಸಿ ಮಾರುವ ಪಾಲಿಸಿ ರಾತ್ರಿ ಎರಡು ಗಂಟೆಗೆ ಎದೆನೋವು ಬಂದವನಿಗೆ ಏನು ಪ್ರಯೋಜನ?

೩. ಕೊಠಡಿ ಬಾಡಿಗೆಗೆ ಮಿತಿಯುಂಟೇ? ಇದು ಅನೇಕರ ಕಣ್ಣಿಗೆ ಬೀಳದ ಹಳ್ಳ. ಪಾಲಿಸಿಯಲ್ಲಿ ದಿನಕ್ಕೆ ೨,೦೦೦ ರೂಪಾಯಿಯ ಕೊಠಡಿ ಎಂದಿದೆ. ನೀವು ೪,೦೦೦ದ ಕೊಠಡಿ ಹಿಡಿದಿರಿ. ಹೆಚ್ಚಿನ ೨,೦೦೦ ಮಾತ್ರ ನಮ್ಮ ಮೇಲೆ ಎಂದು ನೀವು ತಿಳಿಯುತ್ತೀರಿ. ಹಾಗಲ್ಲ. ಕೊಠಡಿಯ ಜೊತೆ ಏರುವ ವೈದ್ಯರ ಶುಲ್ಕ, ಆಪರೇಷನ್ನಿನ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. ಆ ಶುಲ್ಕಗಳು ೪೦,೦೦೦ ಆಗಿದ್ದರೆ ಬರುವುದು ೨೦,೦೦೦. ಔಷಧಿಗೂ ಒಳಗಿಡುವ ಸಾಧನಗಳಿಗೂ ಈ ಕಡಿತ ಇಲ್ಲ. ಆದುದರಿಂದ ಮಿತಿಯಿಲ್ಲದ ಪಾಲಿಸಿ ಕೊಳ್ಳಿ. ಅದು ಆಗದಿದ್ದರೆ ಆಸ್ಪತ್ರೆಗೆ ಸೇರುವಾಗಲೇ ಮಿತಿಯೊಳಗಿನ ಕೊಠಡಿಯನ್ನು ಕೇಳಿ.

೪. ಪ್ರತಿ ಬಿಲ್ಲಿನಲ್ಲಿ ನನ್ನ ಪಾಲೆಷ್ಟು? ಕೆಲವು ಪಾಲಿಸಿಗಳಲ್ಲಿ ನೂರಕ್ಕೆ ೫, ೧೦, ೨೦ ಪಾಲು ರೋಗಿಯೇ ಕಟ್ಟಬೇಕೆಂಬ ಷರತ್ತು ಇರುತ್ತದೆ. ಅಗ್ಗವಾಗಿ ಕಾಣುವ ಪಾಲಿಸಿಯ ಅಗ್ಗ ಬಹಳ ಸಾರಿ ಇಲ್ಲಿಂದ ಬಂದಿರುತ್ತದೆ. ಒಂದು ಲಕ್ಷದ ಬಿಲ್ಲಿನಲ್ಲಿ ನೂರಕ್ಕೆ ೨೦ ಎಂದರೆ ೨೦,೦೦೦. ಅಷ್ಟನ್ನು ಒಂದು ದಿನದಲ್ಲಿ ಹೊಂದಿಸಬಲ್ಲೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

೫. ಎಷ್ಟು ಮೊತ್ತಕ್ಕೆ, ಯಾರು ಯಾರಿಗೆ? ಗಂಡ ಹೆಂಡತಿ ಮಕ್ಕಳು ಸೇರಿ ಒಂದೇ ಮೊತ್ತ ಹಂಚಿಕೊಳ್ಳುವ ಕುಟುಂಬ ಪಾಲಿಸಿ ಕಿರಿಯರಿಗೆ ಸರಿ. ಅದರಲ್ಲಿ ವಯಸ್ಸಾದ ತಂದೆತಾಯಿಯರನ್ನು ಸೇರಿಸಿದರೆ ಹಿರಿಯರ ವಯಸ್ಸಿನ ಮೇಲೆ ಎಲ್ಲರ ಕಂತೂ ಏರುತ್ತದೆ, ಮೊತ್ತವೂ ಅವರ ಒಂದೇ ಕಾಯಿಲೆಗೆ ಮುಗಿಯಬಹುದು. ಅವರಿಗೆ ಬೇರೆ ಪಾಲಿಸಿ, ಬಿ.ಪಿ.ಎಲ್. ಇದ್ದರೆ ಆರೋಗ್ಯ ಕರ್ನಾಟಕ, ಇ.ಎಸ್.ಐ. ಇದ್ದರೆ ಅವಲಂಬಿತರೆಂದು ಅದರಲ್ಲಿ ಹೆಸರು.

೬. ವಯಸ್ಸಾದ ಮೇಲೆ ಕಂತು ಎಷ್ಟು? ಮೂವತ್ತೈದಕ್ಕೆ ಕೇಳಿದ ಬೆಲೆ ಅರವತ್ತಕ್ಕೆ ಇರುವುದಿಲ್ಲ. ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ನೂರಕ್ಕೆ ೧೦ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರವನ್ನು ಕೇಳಬೇಕೆಂದು ೨೦೨೫ರ ಜನವರಿಯಲ್ಲಿ ಆಜ್ಞೆಯಾಗಿದೆ. ಕಂತಿನ ಮೇಲಿದ್ದ ನೂರಕ್ಕೆ ೧೮ರ ಜಿ.ಎಸ್.ಟಿ. ತೆರಿಗೆಯನ್ನು, ವ್ಯಕ್ತಿ ಮತ್ತು ಕುಟುಂಬ ಪಾಲಿಸಿಗಳ ಮಟ್ಟಿಗೆ, ೨೦೨೫ರ ಸೆಪ್ಟೆಂಬರ್ ೨೨ರಿಂದ ತೆಗೆದಿದ್ದಾರೆ. ಯಾರಾದರೂ ಇನ್ನೂ ಅದನ್ನು ಸೇರಿಸಿ ಲೆಕ್ಕ ಹೇಳಿದರೆ ಕೇಳಿ.

ಹತ್ತು ಕಂಪನಿಗಳ ಹತ್ತು ಷರತ್ತುಗಳನ್ನು ಓದಲಾಗದವರಿಗೆ ಒಂದು ಸುಲಭ ದಾರಿ ಇದೆ. ೨೦೨೦ರ ಏಪ್ರಿಲ್ ೧ರಿಂದ "ಆರೋಗ್ಯ ಸಂಜೀವಿನಿ" ಎಂಬ ಹೆಸರಿನ ಪಾಲಿಸಿಯನ್ನು ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ಮಾಡಿದ್ದಾರೆ. ನೂರಕ್ಕೆ ೫ ನಿಮ್ಮ ಪಾಲು. ಕೊಠಡಿಗೆ ವಿಮಾ ಮೊತ್ತದ ನೂರಕ್ಕೆ ೨, ದಿನಕ್ಕೆ ೫,೦೦೦ ಮೀರದಂತೆ. ಷರತ್ತು ಒಂದೇ ಆದ್ದರಿಂದ ಇಲ್ಲಿ ಬೆಲೆ ಮತ್ತು ಆಸ್ಪತ್ರೆ ಪಟ್ಟಿ ಎರಡನ್ನೇ ಹೋಲಿಸಿ ಕೊಳ್ಳಬಹುದು. ಉತ್ತಮೋತ್ತಮವೆಂದು ನಾನು ಹೇಳುವುದಿಲ್ಲ, ಮೋಸಹೋಗುವ ಸಂಭವ ಕಡಮೆ.

ಇನ್ನು ಎರಡು ಎಚ್ಚರಿಕೆಗಳು. ಬ್ಯಾಂಕಿನಲ್ಲಿ ವರ್ಷಕ್ಕೆ ೨೦ ರೂಪಾಯಿ ಮುರಿದುಕೊಳ್ಳುವ ಸುರಕ್ಷಾ ಬಿಮಾ ಅಪಘಾತದ ಸಾವಿಗೂ ಅಂಗವಿಕಲತೆಗೂ ಇರುವುದು. ಅದು ಇರಲಿ, ಒಳ್ಳೆಯದು. ಆದರೆ ಅದು ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ. "ನನಗೆ ಬ್ಯಾಂಕಿನಲ್ಲಿ ವಿಮೆ ಇದೆ" ಎಂಬ ನೆಮ್ಮದಿಯಲ್ಲಿ ಇದ್ದವರು ಇದನ್ನು ತಿಳಿಯಬೇಕು.

ಎರಡನೆಯದು ಸತ್ಯ ಹೇಳುವ ವಿಚಾರ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆಯೇ, ತಂಬಾಕು ಉಂಟೇ, ಹಿಂದೆ ಆಪರೇಷನ್ ಆಗಿದೆಯೇ ಎಂದು ಕೇಳುತ್ತಾರೆ. ಕೆಲವು ಏಜೆಂಟರು "ಇಲ್ಲ ಎಂದೇ ಬರೆಯಿರಿ, ಬೇಗ ಆಗುತ್ತದೆ" ಎನ್ನುತ್ತಾರೆ. ಬೇಗ ಆಗುವುದು ಅವರ ಕಮಿಷನ್. ನೀವು ಆಸ್ಪತ್ರೆಗೆ ಸೇರಿದ ದಿನ ಹಳೆಯ ಚೀಟಿಯೊಂದು ಸಿಕ್ಕರೆ ಕ್ಲೇಮು ತಿರಸ್ಕಾರವಾಗುತ್ತದೆ. ಪಾಲಿಸಿ ಐದು ವರ್ಷ ಎಡೆಬಿಡದೆ ನಡೆದ ಮೇಲೆ, ಮೋಸ ಸಾಬೀತಾಗದ ಹೊರತು ಕಂಪನಿ ಈ ಕಾರಣ ಎತ್ತುವಂತಿಲ್ಲವೆಂಬ ನಿಯಮವಿದೆ. ಅದನ್ನು ನಂಬಿ ಸುಳ್ಳು ಬರೆಯಬೇಡಿ. ಅರ್ಜಿಯನ್ನು ಮನೆಯ ಓದಿದ ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿಕೊಂಡು ರುಜು ಮಾಡಿ, ನಕಲು ಇಟ್ಟುಕೊಳ್ಳಿ, ಹಣವನ್ನು ಕಂಪನಿಯ ಹೆಸರಿಗೇ ಕಟ್ಟಿ. ಪಾಲಿಸಿ ಕೈಗೆ ಬಂದ ೩೦ ದಿನದೊಳಗೆ ಓದಿ ನೋಡಿ, ಹೇಳಿದ್ದೊಂದು ಬರೆದದ್ದೊಂದು ಆಗಿದ್ದರೆ ಹಿಂದಿರುಗಿಸಬಹುದು.

ಕ್ಲೇಮು ನಿರಾಕರಿಸಿದರೆ ಹಣೆಬರಹವೆಂದು ಕೈಚೆಲ್ಲಬೇಡಿ. ೨೦೨೪ರ ನಿಯಮದ ಪ್ರಕಾರ ನಗದಿಲ್ಲದ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಬಿಡುಗಡೆಯ ದಿನ ಮೂರು ಗಂಟೆಯೊಳಗೆ ಒಪ್ಪಿಗೆ ಮುಗಿಸಬೇಕು. ನಿರಾಕರಣೆಯ ಕಾರಣವನ್ನು ಬರಹದಲ್ಲಿಯೇ ಕೇಳಿ. ಮೊದಲು ಕಂಪನಿಗೆ ದೂರು; ೩೦ ದಿನದಲ್ಲಿ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರಿಗೆ, ಒಂದು ವರ್ಷದೊಳಗೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬಿಳಿಯ ಹಾಳೆಯ ಮೇಲೆ ಪಾಲಿಸಿ ಸಂಖ್ಯೆ, ತಾರೀಖು, ನಡೆದ ಸಂಗತಿ ಬರೆದು ಕಾಗದಗಳ ನಕಲು ಲಗತ್ತಿಸಿದರೆ ಸಾಕು.

ಈಗ ಎಲ್ಲವನ್ನೂ ಕೂಡಿಸಿ ಹೇಳುತ್ತೇನೆ. ಹತ್ತು ಜನರ ಗಿರಣಿಯಲ್ಲಿರುವವನು ಮೊದಲು ಇ.ಎಸ್.ಐ. ಹಿಡಿಯಲಿ, ಕೈಯಿಂದ ಹಣ ಹಾಕಿ ಬೇರೆ ಪಾಲಿಸಿ ಕೊಳ್ಳುವುದಕ್ಕಿಂತ ಆ ಹಕ್ಕನ್ನು ಪುಸ್ತಕಕ್ಕೆ ಏರಿಸುವುದು ಅವನಿಗೆ ಲಾಭ. ಹಮಾಲರೂ ಸಣ್ಣ ಗಿರಣಿಯವರೂ ಬೀದಿಬದಿಯ ವ್ಯಾಪಾರದವರೂ ಬಿ.ಪಿ.ಎಲ್. ಚೀಟಿಯ ಮೇಲೆ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಲಿ. ಎ.ಪಿ.ಎಲ್. ಚೀಟಿಯ ಅಂಗಡಿಯವನು ಸಹಕಾರ ಸಂಘದ ಸದಸ್ಯನಾಗಿದ್ದರೆ ಯಶಸ್ವಿನಿಯನ್ನು ವಿಚಾರಿಸಲಿ. ಅದು ಸಲ್ಲದಿದ್ದರೆ ಈ ವರ್ಷವೇ, ಗಟ್ಟಿಯಾಗಿರುವಾಗಲೇ, ಒಂದು ಕುಟುಂಬ ಪಾಲಿಸಿ ಕೊಳ್ಳಲಿ. ಅಗ್ಗವಾದದ್ದನ್ನು ಆರಿಸಬೇಡಿ, ಆಪತ್ತಿಗೆ ಆಗುವುದನ್ನು ಆರಿಸಿ.

ಯಾವ ಕಾರ್ಡೂ ಮಾಡಲಾರದ ಕೆಲಸಗಳೂ ಇವೆ. ತಿಂಗಳು ತಿಂಗಳಿನ ಸಕ್ಕರೆ ಕಾಯಿಲೆಯ ಮಾತ್ರೆಗೆ ಆಸ್ಪತ್ರೆ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆ, ಜನೌಷಧಿ ಅಂಗಡಿಗಳೇ ಗತಿ. ಅಂಗಡಿ ಮುಚ್ಚಿದ ದಿನಗಳ ಗಳಿಕೆಯನ್ನೂ ಅದು ತುಂಬಿಕೊಡುವುದಿಲ್ಲ. ಅದಕ್ಕೆ ಒಂದು ಬೀದಿಯ ವರ್ತಕರು ಸೇರಿ, ಟ್ರೆಡೆಗರಿನ ಗಣಿಯವರಂತೆ, ತಮ್ಮದೇ ಆಪದ್ಧನ ಕಟ್ಟಿಕೊಳ್ಳಬೇಕು. ಇನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯನಿಲ್ಲದಿದ್ದರೆ ಐದು ಲಕ್ಷದ ಕಾರ್ಡು ಬರಿಯ ರೆಫರಲ್ ಚೀಟಿಯಾಗುತ್ತದೆ. ಹಾಸಿಗೆ, ವೈದ್ಯ, ಔಷಧಿ ನಮ್ಮ ಊರಿನಲ್ಲಿಯೇ ಇರಬೇಕೆಂದು ಕೇಳುವುದನ್ನು ಕಾರ್ಡು ಬಂದಿತೆಂದು ನಿಲ್ಲಿಸಕೂಡದು.

ಕಡೆಯದಾಗಿ, ಈ ವಾರ ಮಾಡಬೇಕಾದ ಮೂರು ಕೆಲಸ. ಪ್ರತಿ ಗಿರಣಿಯಲ್ಲಿ ಇಬ್ಬರು ನಿಂತು ಯಾರಿಗೆ ಇ.ಎಸ್.ಐ. ಸಂಖ್ಯೆ ಇದೆ, ಯಾರಿಗಿಲ್ಲ ಎಂಬ ಪಟ್ಟಿ ಮಾಡಿ. ಪ್ರತಿ ಬೀದಿಯಲ್ಲಿ ಓದುಬರಹ ಬಲ್ಲ ಒಬ್ಬರು ಮನೆಮನೆಯ ಪಡಿತರ ಚೀಟಿ ನೋಡಿ ಕಾರ್ಡು ಇಲ್ಲದವರ ಹೆಸರು ಬರೆಯಿರಿ. ಪಾಲಿಸಿ ಕೊಂಡಿರುವವರು ಅದನ್ನು ಪೆಟ್ಟಿಗೆಯಿಂದ ತೆಗೆದು ಬನ್ನಿ; ಭಾನುವಾರ ಇಲ್ಲಿಯೇ ಕುಳಿತು ಒಂದೊಂದರ ಷರತ್ತನ್ನೂ ಓದಿ ಹೇಳೋಣ. ಕಾಯಿಲೆ ಯಾರ ಮನೆಗೆ ಮೊದಲು ಬರುವುದೋ ಯಾರೂ ಬಲ್ಲವರಿಲ್ಲ. ಅದು ಬರುವ ಮೊದಲು ಈ ಕೆಲಸ ಮುಗಿದಿರಲಿ.